ಮೂರನೇ ಮಹಡಿಯಿಂದ ಕಾರು ರಿಪೇರಿ

ಮೂರನೇ ಮಹಡಿಯ ಅಣ್ಣನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ವಯರಿನ ಮೇಲಿನ ಪ್ಲಾಸ್ಟಿಕ್ಕನ್ನು ಕಚ್ಚಿ ಸುಲಿದೂ ಸುಲಿದೂ ಆದದ್ದು. ಅದಕ್ಕೆಂದೇ ಇಕ್ಕಳ ಚೀಲದಲ್ಲಿದ್ದರೂ ವಯರು ಬಾಯಿಗೇ ಹೋಗುತ್ತಿತ್ತು. ಒಂದು ಎಳೆತಕ್ಕೆ ತಾಮ್ರ ಬೋಳಾಗಿ ಹೊರಗೆ ಬರುತ್ತಿತ್ತು. ಹೆಂಡತಿ ಬೈದರೆ ಆ ಹಲ್ಲನ್ನೇ ತೋರಿಸಿ ಕೊಂಕಣಿಯಲ್ಲಿ, "ಇದು ನನ್ನ ಸರ್ಟಿಫಿಕೇಟ್ ಮಾರಾಯ್ತಿ, ಫ್ರೇಮ್ ಹಾಕ್ಲಿಕ್ಕೆ ಆಗುದಿಲ್ಲ ಅಷ್ಟೆ" ಎನ್ನುತ್ತಿದ್ದರು.

ಬಹರೈನಿನ ಮಾಹೂಝಿನಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೆವು. ನಮ್ಮದು ಮೊದಲ ಮಹಡಿ, ಅವರದು ಮೂರನೆಯದು. ಅವರು ಸಿತ್ರಾದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಶಿಯನ್, ಅವರ ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮವರಿಗೆ ಮನಾಮದ ಬಟ್ಟೆ ಅಂಗಡಿಯಲ್ಲಿ ಕೆಲಸ. ನನ್ನದು ಮನೆ, ಮಕ್ಕಳು, ಒಲೆ. ನಮ್ಮ ಮನೆಮಾತು ಬ್ಯಾರಿ, ಅವರದು ಕೊಂಕಣಿ. ಮೆಟ್ಟಿಲಿನಲ್ಲಿ ಸಿಕ್ಕಾಗ ಮಾತು ಕನ್ನಡದಲ್ಲಿ. ನಾನು ಅವರನ್ನು ಅಣ್ಣ ಎಂದೂ ಅವರ ಹೆಂಡತಿಯನ್ನು ಅಕ್ಕ ಎಂದೂ ಕರೆಯುತ್ತಿದ್ದೆ. ಮಕ್ಕಳಿಗೆ ಅವರು ಕರೆಂಟ್ ಮಾಮ.

ಅಲ್ಲಿ ರಜೆ ಶುಕ್ರವಾರ. ಅವರ ಚರ್ಚಿನ ಪೂಜೆಯೂ ಶುಕ್ರವಾರ, ನಮ್ಮ ಜುಮಾ ನಮಾಜೂ ಶುಕ್ರವಾರ. ಅವರು ಪೂಜೆ ಮುಗಿಸಿ ಬಂದ ಮೇಲೆ, ನಮ್ಮವರು ಮಸೀದಿಗೆ ಹೊರಡುವ ಮುಂಚೆ, ಕಟ್ಟಡದ ಹಿಂದಿನ ಮರಳುನೆಲದಲ್ಲಿ ಯಾರದಾದರೂ ಕಾರಿನ ಬಾನೆಟ್ ಎದ್ದಿರುತ್ತಿತ್ತು. ನಮ್ಮಂಥವರ ಕಾರುಗಳೆಲ್ಲ ಬೇರೆಯವರು ಓಡಿಸಿ ಬಿಟ್ಟವು. ಬೇಸಿಗೆಯ ಬಿಸಿಗೆ ಬ್ಯಾಟರಿ ಸಾಯುತ್ತಿತ್ತು, ಸಮುದ್ರದ ಉಪ್ಪುಗಾಳಿಗೆ ವಯರಿನ ತುದಿಗಳು ಹಸಿರುಗಟ್ಟುತ್ತಿದ್ದವು. ಅಣ್ಣ ಚರ್ಚಿಗೆ ಹಾಕಿದ ಇಸ್ತ್ರಿ ಅಂಗಿಯ ತೋಳನ್ನು ಮಡಚಿಕೊಂಡು ಅಲ್ಲಿಗೆ ಇಳಿಯುತ್ತಿದ್ದರು. ಕಾರು ಸ್ಟಾರ್ಟ್ ಆಗುವುದಿಲ್ಲ ಎಂದು ಬಂದವರನ್ನು ಮೊದಲು ಕೇಳುತ್ತಿದ್ದದ್ದು, "ಕೀ ತಿರುಗಿಸುವಾಗ ಅದು ಎಂತ ಹೇಳ್ತದೆ?" ಎಂದು.

ನಮ್ಮವರು ಮಾತು ಕಡಿಮೆಯ ಮನುಷ್ಯ. ಒಂದು ಶುಕ್ರವಾರ ನಮ್ಮ ಕಾರಿನ ಸರದಿ ಬಂತು.

"ಸ್ಟಾರ್ಟ್ ಆಗುದಿಲ್ಲ, ಅಷ್ಟೆ."

"ಅಷ್ಟೆ ಅಂದ್ರೆ ನನಗೆ ಗೊತ್ತಾಗುದಿಲ್ಲ ಭಾವ. ಟಕ್ ಅಂತದಾ, ಟಕಟಕಟಕ ಅಂತದಾ, ಅಲ್ಲ ಬಾಯಿ ಮುಚ್ಚಿ ಕೂತ್ಕೊಳ್ತದಾ?"

ನಮ್ಮವರು ಸುತ್ತ ಒಮ್ಮೆ ನೋಡಿ, ಗಡ್ಡ ಸವರಿಕೊಂಡು, ಸಣ್ಣ ದನಿಯಲ್ಲಿ "ಟಕಟಕಟಕ" ಎಂದರು.

"ಜೋರು ಹೇಳಿ. ಕಾರು ಇಷ್ಟು ನಾಚಿಕೆಯಲ್ಲಿ ಹೇಳಿರ್ಲಿಕ್ಕಿಲ್ಲ."

ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ಮಕ್ಕಳು ನಕ್ಕು ಸಾಕಾಗಿ ನೆಲಕ್ಕೆ ಕೂತರು. ನಾನೂ ಸೆರಗು ಬಾಯಿಗೆ ಹಿಡಿದೆ. ಅಣ್ಣ ಮಾತ್ರ ನಗಲಿಲ್ಲ; ಟಕಟಕ ಎಂದರೆ ಬ್ಯಾಟರಿಯಲ್ಲಿ ಜೀವ ಕಡಿಮೆ ಎಂದು ಹೇಳಿ ಅಲ್ಲಿಗೇ ಕೈಹಾಕಿದರು.

ಅವರ ಮುಖ್ಯ ಆಯುಧ ಒಂದು ಸಣ್ಣ ಬಲ್ಬು. ಅದಕ್ಕೆ ಎರಡು ವಯರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಮೊಳೆ. ಕ್ಲಿಪ್ಪನ್ನು ಕಾರಿನ ಮೈಗೆ ಸಿಕ್ಕಿಸಿ, ಮೊಳೆಯನ್ನು ಒಂದೊಂದೇ ಕಡೆ ಮುಟ್ಟಿಸುತ್ತ ಹೋಗುವುದು. ಬಲ್ಬು ಹೊತ್ತಿದರೆ ಅಲ್ಲಿವರೆಗೆ ಕರೆಂಟು ಬಂದಿದೆ ಎಂದು ಅರ್ಥ. "ಉಂಟು… ಉಂಟು… ಇಲ್ಲ. ಹಾಂ, ಕಳ್ಳ ಇಲ್ಲಿ ಕೂತಿದ್ದಾನೆ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು ನನ್ನ ಒಲೆಯವರೆಗೆ ಕೇಳುತ್ತಿತ್ತು. ಅವರು ಇನ್ನೊಂದು ಮಾತು ಹೇಳುತ್ತಿದ್ದರು: "ಕರೆಂಟ್ ಹೋಗುದನ್ನು ಎಲ್ಲರೂ ನೋಡ್ತಾರೆ. ಅದು ಬ್ಯಾಟರಿಗೆ ವಾಪಸ್ ಬರ್ಬೇಕಲ್ಲ, ಆ ದಾರಿ ಯಾರೂ ನೋಡುದಿಲ್ಲ." ಕೆಲಸ ಮುಗಿದ ಮೇಲೆ ನಾನು ಕಳಿಸಿದ ಬಿರಿಯಾನಿಯ ತಟ್ಟೆ ಸಂಜೆ ತೊಳೆದು ವಾಪಸು ಬರುತ್ತಿತ್ತು, ಅದರಲ್ಲಿ ಅಕ್ಕ ಮಾಡಿದ ಏನಾದರೊಂದು ಇರುತ್ತಿತ್ತು. ಬರಿ ತಟ್ಟೆ ಕೊಡಬಾರದು ಎನ್ನುವುದು ಅವರಲ್ಲೂ ಇತ್ತು, ನಮ್ಮಲ್ಲೂ ಇತ್ತು.

ಒಂದು ಬೇಸಿಗೆಯಲ್ಲಿ ಸಿತ್ರಾದಿಂದ ಬರುವ ಕಂಪನಿ ಬಸ್ಸಿನಲ್ಲೇ ಅವರಿಗೆ ಸ್ಟ್ರೋಕ್ ಆಯಿತು. ಕಿಟಕಿಗೆ ತಲೆ ಆನಿಸಿ ಕೂತಿದ್ದವರನ್ನು ನಿದ್ದೆ ಬಂದಿದೆ ಎಂದೇ ಉಳಿದವರು ತಿಳಿದರಂತೆ. ಬೆಳಗಿನ ಜಾವದಲ್ಲಿ ಏಳುವ ಜನ, ಬಸ್ಸಿನಲ್ಲಿ ಎಲ್ಲರೂ ನಿದ್ದೆ ಮಾಡುವವರೇ. ಬಸ್ಸು ಖಾಲಿಯಾಗಿ ಡ್ರೈವರ್ ಬಂದು ಭುಜ ಮುಟ್ಟಿದಾಗಲೇ ಗೊತ್ತಾದದ್ದು.

ಜೀವ ಉಳಿಯಿತು, ಅಲ್‌ಹಂದುಲಿಲ್ಲಾಹ್. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಬಾಯಿ ಒಂದು ಕಡೆ ಜೋತುಬಿತ್ತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅವರ ಬಾಯಿಂದ ಬಂದದ್ದು ಎರಡೇ ಶಬ್ದ: ಉಂಟು, ಇಲ್ಲ. ಹಸಿವೆಯಾ ಎಂದರೆ ಉಂಟು, ನೋವಾ ಎಂದರೆ ಇಲ್ಲ. ಅಕ್ಕ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದರು. "ಮದುವೆ ಆದಂದಿನಿಂದ ನನ್ನ ಹತ್ರ ಒಂದು ಶಬ್ದ ಕನ್ನಡ ಮಾತಾಡಿದವರಲ್ಲ ತಂಗಿ. ಕೊಂಕಣಿ ಎಲ್ಲ ಹೋಯ್ತು. ನನ್ನ ಹೆಸರು ಹೋಯ್ತು, ಮಗಳ ಹೆಸರು ಹೋಯ್ತು. ಆ ಕಾರಿನ ಕೆಲಸದ್ದು ಮಾತ್ರ ಉಳೀತು." ಹೇಳಿ ನಗಲು ನೋಡಿದರು, ಆಗಲಿಲ್ಲ.

ಮಗಳು ಊರಲ್ಲಿ ಕಾಲೇಜು ಓದುತ್ತಿದ್ದಳು. ಅಕ್ಕ ಕೆಲಸ ಬಿಡುವಂತಿರಲಿಲ್ಲ. ಅವರ ಡ್ಯೂಟಿ ಎರಡು ತುಂಡು: ಬೆಳಗ್ಗೆ ಒಂದಿಷ್ಟು ಹೊತ್ತು, ಮತ್ತೆ ಸಂಜೆ. ನಡುವಿನ ಹೊತ್ತಿನಲ್ಲಿ ಅಣ್ಣನ ಹಳೆಯ ಕಾರನ್ನು ಓಡಿಸಿಕೊಂಡು ಮನೆಗೆ ಬಂದು, ಅವರ ಮೈ ಒರಸಿ, ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ, ಗಂಜಿ ಕುಡಿಸಿ ಮತ್ತೆ ಹೋಗುತ್ತಿದ್ದರು. ಕಾರಿದ್ದರೆ ಮಾತ್ರ ಅದು ಆಗುವ ಮಾತು. ಬಸ್ಸು ಕಾದು, ನಡೆದು ಬರುವಷ್ಟರಲ್ಲಿ ತಿರುಗಿ ಹೊರಡುವ ಹೊತ್ತಾಗುತ್ತಿತ್ತು.

ಆ ಕಾರೂ ಮುಷ್ಕರ ಹೂಡಿತು. ಕೀ ತಿರುಗಿಸಿದರೆ ಒಂದು ಟಕ್, ಆಮೇಲೆ ಸುಮ್ಮನೆ. ಕೆಲವು ದಿನ ಸರಿ, ಕೆಲವು ದಿನ ಇಲ್ಲ. ಗ್ಯಾರೇಜಿನ ಪಾಕಿಸ್ತಾನಿ ಮೆಕ್ಯಾನಿಕ್ ಒಳ್ಳೆಯ ಮನುಷ್ಯನೇ. ಬ್ಯಾಟರಿ ಹೊಸತು ಹಾಕಿ ಕೊಟ್ಟ, ಸ್ಟಾರ್ಟರ್ ಬಿಚ್ಚಿ ಜೋಡಿಸಿ ಕೊಟ್ಟ. ಎರಡು ದಿನ ಓಡಿ ಮತ್ತೆ ನಿಂತಿತು. ವಯರಿಂಗ್ ಎಲ್ಲ ಬದಲಿಸಬೇಕು, ಈ ಕಾರಿಗೆ ಅದು ದಂಡ, "ಖಲಾಸ್ ಹೋ ಗಯಾ ಬಾಜಿ", ಇದರ ಕತೆ ಮುಗಿಯಿತು ಅಕ್ಕ, ಎಂದು ಕೈಚೆಲ್ಲಿದ.

ಅಕ್ಕ ಬರಲಾಗದ ಮಧ್ಯಾಹ್ನಗಳಲ್ಲಿ ನಾನು ಗಂಜಿ ಕೊಡುತ್ತಿದ್ದೆ. ನಮ್ಮವರು, "ಬಾಗಿಲು ತೆರೆದಿಟ್ಟು ಹೋಗು, ಸುಮ್ಮನೆ ಅವರನ್ನು ಹಸಿವೆಯಲ್ಲಿ ಬಿಡ್ಬೇಡ" ಎಂದಿದ್ದರು. ಆದರೆ ಚಮಚದಲ್ಲಿ ಗಂಜಿ ಕೊಡಬಲ್ಲೆ, ಪರಗಂಡಸಿನ ಬಟ್ಟೆ ಬದಲಿಸುವುದು ನನ್ನಿಂದಾಗದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಒದ್ದೆಯಲ್ಲೇ ಮಲಗಿ, ಗೋಡೆಯ ಕಡೆ ಮುಖ ಮಾಡಿ, ನಾನು ಬೇಗ ಹೋಗಲಿ ಎಂದು ಕಾಯುತ್ತಿದ್ದರು. ಬೆನ್ನಿನಲ್ಲಿ ಹುಣ್ಣಾಗತೊಡಗಿತು.

ಅಣ್ಣನ ಒಡಹುಟ್ಟಿದವರು, ಅಕ್ಕನ ಅತ್ತಿಗೆ, ಊರಲ್ಲಿದ್ದರು. ಸನ್ಯಾಸಿನಿಯರು ನಡೆಸುವ ರೋಗಿಗಳ ಆಶ್ರಮವೊಂದರಲ್ಲಿ ಅವರು ಜಾಗ ಕೇಳಿಟ್ಟರು. "ತಿಂಗಳ ಕೊನೆಗೆ ಟಿಕೆಟ್ ಮಾಡುದು" ಎಂದು ಅಕ್ಕ ಹೇಳಿದ್ದು ಅವರ ಮಂಚದ ಪಕ್ಕದಲ್ಲೇ ನಿಂತು. ಮಾತು ಬಾರದವರಿಗೆ ಕಿವಿಯೂ ಇಲ್ಲವೆಂದು ನಾವು ಹೇಗೋ ತಿಳಿದುಬಿಡುತ್ತೇವೆ. ಮಂಚದಿಂದ "ಇಲ್ಲ" ಎಂದು ಕೇಳಿತು. ಇನ್ನೊಮ್ಮೆ, "ಇಲ್ಲ." ಅಕ್ಕ ಅವರ ಎಡಗೈ ಹಿಡಿದುಕೊಂಡರು. "ನಾನು ಬರ್ಲಿಕ್ಕೆ ಆಗದಿದ್ರೆ ನೀವು ಹೀಗೇ ಮಲಗ್ಬೇಕಲ್ಲ. ನಾನು ಎಂತ ಮಾಡ್ಲಿ, ಹೇಳಿ." ಅಣ್ಣನ ಕಣ್ಣಿನಿಂದ ನೀರು ಕಿವಿಯವರೆಗೆ ಹರಿಯಿತು.

ಮಾರನೆಯ ದಿನ ಬೆಳಗ್ಗೆ ಕಾರು ಮತ್ತೆ ಟಕ್ ಎಂದು ಕೂತಿತು. ಅಕ್ಕ ಕೀಯನ್ನು ಮೇಜಿನ ಮೇಲೆ ಬಿಸಾಡಿ ಟ್ಯಾಕ್ಸಿ ಹಿಡಿದು ಹೋದರು. ನಾನು ಗಂಜಿ ಒಯ್ದಾಗ ಅಣ್ಣ ಬಾಯಿ ತೆರೆಯಲಿಲ್ಲ. ಎಡಗೈಯಿಂದ ಕಪಾಟಿನ ಕಡೆ ತೋರಿಸಿದರು. ನೀರು ಕೊಟ್ಟೆ, ಇಲ್ಲ. ಮಾತ್ರೆ, ಇಲ್ಲ. ಜಪಮಾಲೆ ಕೊಟ್ಟೆ, ಅದನ್ನು ಎದೆಯ ಮೇಲೆ ಇಟ್ಟುಕೊಂಡರು, ಆದರೂ ಇಲ್ಲ. ಕೊನೆಗೆ ಆ ಬಲ್ಬನ್ನು ತೆಗೆದಾಗ "ಉಂಟು" ಎಂದರು. ಕೈಗೆ ಕೊಟ್ಟರೆ ತಿರುಗಿ ನನ್ನ ಕಡೆಗೇ ತಳ್ಳಿದರು.

"ನನಗೆ ಎಂತ ಗೊತ್ತುಂಟು ಅಣ್ಣ? ನಾನು ಕಿಟಕಿಯಿಂದ ನೋಡಿದವಳಷ್ಟೆ."

ಮತ್ತೆ ತಳ್ಳಿದರು.

ಬಿಸ್ಮಿ ಹೇಳಿ, ಅಬಾಯ ಹಾಕಿಕೊಂಡು, ಮೇಜಿನ ಮೇಲಿನ ಕೀ ಹಿಡಿದು ಇಳಿದೆ. ಕಟ್ಟಡದ ಕಾವಲಿನ ಬಂಗಾಳಿ ಮುದುಕ, ನಾವೆಲ್ಲ ನಾತೂರ್ ಎಂದು ಕರೆಯುತ್ತಿದ್ದವರು, ಬಾನೆಟ್ ಎತ್ತಿಕೊಟ್ಟು, "ಭಾಬಿ, ಆಜ್ ಖಾನಾ ಇಧರ್ ಪಕೇಗಾ ಕ್ಯಾ?" ಎಂದರು, ಇವತ್ತಿನ ಅಡುಗೆ ಈ ಎಂಜಿನ್ನಿನ ಮೇಲೆಯೇ ಎನ್ನುವ ಹಾಗೆ. ಕ್ಲಿಪ್ಪನ್ನು ಕಾರಿನ ಮೈಗೆ ಸಿಕ್ಕಿಸಿ ಮೊಳೆಯನ್ನು ಬ್ಯಾಟರಿಗೇ ಮುಟ್ಟಿಸಿದೆ. ಬಲ್ಬು ಹೊತ್ತಲಿಲ್ಲ. ಆಚೆ ಮುಟ್ಟಿಸಿದೆ, ಈಚೆ ಮುಟ್ಟಿಸಿದೆ. ಎಲ್ಲೂ ಇಲ್ಲ. ಹತ್ತಿ ಹೋಗಿ, "ಎಲ್ಲಿಯೂ ಇಲ್ಲ ಅಣ್ಣ. ಬ್ಯಾಟರಿಯಲ್ಲೇ ಇಲ್ಲ" ಎಂದೆ.

ಅವರು ಗಂಜಿಯ ಚಮಚ ಕಸಿದುಕೊಂಡು ಮಂಚದ ಕಬ್ಬಿಣದ ಕಾಲನ್ನು ಕೆರೆಯತೊಡಗಿದರು. ಬಿಳಿ ಬಣ್ಣ ಚೂರುಚೂರಾಗಿ ನೆಲಕ್ಕೆ ಉದುರಿತು. ನನಗೆ ಹೆದರಿಕೆಯಾಯಿತು. ತಲೆಗೇ ಏನೋ ಆಯಿತು ಎಂದುಕೊಂಡೆ, ಸಿಟ್ಟು ಎಂದುಕೊಂಡೆ. "ಬೇಡ ಅಣ್ಣ, ಬಿಡಿ" ಎಂದರೂ ಬಿಡಲಿಲ್ಲ. ಕುತ್ತಿಗೆಯ ನರ ಎದ್ದಿತ್ತು. ಬಣ್ಣ ಹೋದ ಕಡೆ ಕಬ್ಬಿಣ ಹೊಳೆಯಿತು. ಆಗ ಬಲ್ಬಿನ ಕ್ಲಿಪ್ಪನ್ನು ಎಳೆದು ತಂದು ಆ ಹೊಳೆಯುವ ಜಾಗಕ್ಕೆ ಕಚ್ಚಿಸಿ ನನ್ನ ಮುಖ ನೋಡಿದರು.

ನಾನು ಕ್ಲಿಪ್ಪು ಹಾಕಿದ್ದು ಬಣ್ಣದ ಮೇಲೆ. ಬಣ್ಣದೊಳಗೆ ಕರೆಂಟು ಹಾಯುವುದಿಲ್ಲ. ಕಾರನ್ನು ಒರಸಿ ಹೊಳೆಯಿಸಿದ ಜಾಗ ನೋಡಿ ಅಲ್ಲಿಗೇ ಸಿಕ್ಕಿಸಿದ್ದೆ. ಪಾತ್ರೆ ತೊಳೆಯುವವಳ ಬುದ್ಧಿ.

ಮತ್ತೆ ಇಳಿದೆ. ಬಣ್ಣವಿಲ್ಲದ ಬೋಲ್ಟ್ ಹುಡುಕಿ ಕ್ಲಿಪ್ಪು ಹಾಕಿದೆ. ಬಲ್ಬು ಹೊತ್ತಿತು. ಅಷ್ಟು ಸಣ್ಣ ಬೆಳಕು ನೋಡಿ ಅಷ್ಟು ಸಂತೋಷ ನನಗೆ ಅದಕ್ಕಿಂತ ಮುಂಚೆ ಆದದ್ದಿಲ್ಲ. ಆಗ ಕ್ಯಾಮೆರಾ ಇರುವ ಫೋನು ನಮ್ಮ ಮನೆಗೂ ಬಂದಿತ್ತು. ಎಂಜಿನ್ನಿನ ಫೋಟೊ ತೆಗೆದು ಮೇಲೆ ಒಯ್ದೆ. ಅಣ್ಣ ಬೆರಳಿಟ್ಟ ಕಡೆಗಳನ್ನೆಲ್ಲ ಕೆಳಗೆ ಹೋಗಿ ಮುಟ್ಟಿಸಿದೆ. ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ದಪ್ಪ ವಯರಿನಲ್ಲಿ ಉಂಟು. ನಾತೂರ್ ಕೀ ತಿರುಗಿಸಿದಾಗ ಸಣ್ಣ ವಯರಿನಲ್ಲೂ ಉಂಟು. ಎಲ್ಲ ಕಡೆ ಉಂಟು, ಕಾರು ಮಾತ್ರ ಏಳುವುದಿಲ್ಲ.

ಅಣ್ಣ ಕಣ್ಣು ಮುಚ್ಚಿ ಮಲಗಿದರು. ಆಯಾಸವಾಗಿ ನಿದ್ದೆ ಹೋದರೇನೋ ಎಂದು ನಾನು ಮಂಚದ ಕೆಳಗಿನ ಬಣ್ಣದ ಚೂರು ಗುಡಿಸುತ್ತಿದ್ದೆ. ಕಣ್ಣು ತೆರೆದು ಫೋನು ಕೇಳಿದರು. ಫೋಟೊದಲ್ಲಿ ಒಂದು ತೆಳ್ಳಗಿನ ಕೇಬಲ್ಲಿನ ಮೇಲೆ ಬೆರಳಿಟ್ಟರು. ಕಾಲಿನಲ್ಲಿ ಒತ್ತುವ ಎಕ್ಸಲರೇಟರಿನಿಂದ ಎಂಜಿನ್ನಿಗೆ ಹೋಗುವ ಕೇಬಲ್ಲು ಅದು; ಕರೆಂಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಎಡಗೈಯ ಹಿಂಬದಿಯನ್ನು ತಮ್ಮ ಹಣೆಗೆ ಇಟ್ಟುಕೊಂಡರು, ಮಕ್ಕಳಿಗೆ ಜ್ವರ ಇದೆಯಾ ಎಂದು ನಾವು ನೋಡುವ ಹಾಗೆ.

ಇಳಿದು ಹೋಗಿ ನಾತೂರರಿಗೆ ಎರಡು ಮೂರು ಸಲ ಕೀ ತಿರುಗಿಸಲು ಹೇಳಿ ಆ ಕೇಬಲ್ಲು ಮುಟ್ಟಿದೆ. ಒಲೆಯಿಂದ ಈಗ ಇಳಿಸಿದ ಪಾತ್ರೆಯ ಹಿಡಿಯಷ್ಟು ಬಿಸಿ. ಎಂಜಿನ್ ಒಮ್ಮೆಯೂ ಓಡದ ಕಾರಿನಲ್ಲಿ.

"ಬಿಸಿ ಉಂಟು ಅಣ್ಣ, ಕೈ ಇಡ್ಲಿಕ್ಕೆ ಆಗುದಿಲ್ಲ" ಎಂದಾಗ ಅವರ ಅರ್ಧ ಮುಖ ನಕ್ಕಿತು. ಶುಕ್ರವಾರಗಳಲ್ಲಿ ಹೇಳುತ್ತಿದ್ದ ಮಾತು ಆಗ ನನಗೆ ಅರ್ಥವಾಯಿತು. ಕರೆಂಟು ವಾಪಸು ಬರುವ ದಾರಿ ಎಲ್ಲೋ ಕಡಿದಿದೆ; ಬೇರೆ ದಾರಿ ಕಾಣದೆ ಈ ಬಡ ಕೇಬಲ್ಲಿನಲ್ಲಿ ನುಸುಳಿ ಬರುತ್ತಿದೆ. ಮಂಚದ ಕೆಳಗಿದ್ದ ದಪ್ಪ ಕಪ್ಪು ವಯರನ್ನು ತೋರಿಸಿದರು. ಎರಡು ತುದಿಗೂ ದೊಡ್ಡ ಕ್ಲಿಪ್ಪು. ಫೋಟೊದಲ್ಲಿ ಬ್ಯಾಟರಿಯ ಕಪ್ಪು ತುದಿಗೆ ಒಂದು ಬೆರಳು, ಎಂಜಿನ್ನಿನ ಬರಿಯ ಲೋಹಕ್ಕೆ ಒಂದು ಬೆರಳು.

ಹಾಗೆಯೇ ಹಾಕಿದೆ. ನಾತೂರ್ ಕೀ ತಿರುಗಿಸಿದರು. ಕಾರು ಎದ್ದಿತು. "ಮಾಷಾ ಅಲ್ಲಾಹ್" ಎಂದು ಅವರು ಸ್ಟೀರಿಂಗ್ ಹಿಡಿದುಕೊಂಡೇ ಕೂತರು, ಬಿಟ್ಟರೆ ನಿಂತುಹೋದೀತು ಎನ್ನುವ ಹಾಗೆ. ನಾನು ಮೇಲೆ ಹೋದಾಗ ಕಿಟಕಿಯಿಂದ ಎಂಜಿನ್ನಿನ ಸದ್ದು ಬರುತ್ತಿತ್ತು. ಅಣ್ಣ ಅಳುತ್ತಿದ್ದರು, ಮಗುವಿನ ಹಾಗೆ, ದನಿ ತೆಗೆದು. ಏನು ಮಾಡಬೇಕೆಂದು ತಿಳಿಯದೆ ನಾನು ತೆರೆದ ಬಾಗಿಲಲ್ಲೇ ನಿಂತೆ. ತುಂಬ ಹೊತ್ತಿನ ಮೇಲೆ ತಣ್ಣಗಾದ ಗಂಜಿಗೆ ಬಾಯಿ ತೆರೆದರು.

ಸಂಜೆ ನಮ್ಮವರು ಕಾರಿನ ಕೆಳಗೆ ತೂರಿ ನೋಡಿದರೆ, ಎಂಜಿನ್ನಿಗೂ ಕಾರಿನ ಮೈಗೂ ನಡುವೆ ಇರಬೇಕಾದ ಹೆಣೆದ ತಾಮ್ರದ ಪಟ್ಟಿ ಉಪ್ಪು ತಿಂದು, ಹಸಿರು ಪುಡಿಯಾಗಿ, ಒಂದೆರಡು ಎಳೆಯಲ್ಲಿ ನೇತಾಡುತ್ತಿತ್ತು. ಅದಕ್ಕೇ ಕೆಲವು ದಿನ ಸರಿ, ಕೆಲವು ದಿನ ಇಲ್ಲ. ಹೊಸ ಪಟ್ಟಿ ತಂದು ಹಾಕಿದರು. ಅಕ್ಕನಿಗೆ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಕೆರೆದ ಮಂಚದ ಕಾಲಿನ ಹತ್ತಿರ ಕೂತು, ಆ ಜಾಗದ ಮೇಲೆ ಕೈಯಾಡಿಸುತ್ತ, "ನಿಮಗೆ ಹೋಗ್ಲಿಕ್ಕೆ ಇಷ್ಟು ಮನಸ್ಸಿಲ್ವಾ?" ಎಂದು ಕೇಳಿದರು. "ಇಲ್ಲ." ಟಿಕೆಟಿನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮಧ್ಯಾಹ್ನಗಳು ಮರಳಿದವು. ಕೆಳಗೆ ಕಾರು ನಿಲ್ಲುವ ಸದ್ದು, ಮೆಟ್ಟಿಲಿನಲ್ಲಿ ಅಕ್ಕನ ನರ್ಸ್ ಚಪ್ಪಲಿಯ ಸದ್ದು. ಬೆನ್ನಿನ ಹುಣ್ಣು ಮಾಗುತ್ತ ಬಂತು. ಅವರು ಗುಣವಾಗಲಿಲ್ಲ, ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಚಳಿ ಬರುವ ಹೊತ್ತಿಗೆ ಗಂಜಿಯೂ ಇಳಿಯುವುದು ಕಷ್ಟವಾಯಿತು, ಎಡಗೈಯೂ ಸೋತಿತು. ಕ್ರಿಸ್ಮಸ್ಸಿಗೆ ಅಕ್ಕ ಹಬ್ಬದ ಕರಿದ ತಿಂಡಿ ಕುಸ್ವಾರ್ ಮಾಡಿ ಎಲ್ಲ ಮನೆಗೂ ಹಂಚಿದರು. ಯಾಕೆ ಇಷ್ಟೆಲ್ಲ ಮೈಗೆ ಎಳೆದುಕೊಂಡಿರಿ ಎಂದರೆ, "ಅವರಿಗೆ ಎಣ್ಣೆಯ ಪರಿಮಳ ಬೇಕು ತಂಗಿ" ಎಂದರು.

ಹೊಸ ವರ್ಷ ಬಂದ ಮೇಲೆ, ಒಂದು ಮಧ್ಯಾಹ್ನ, ನಾನು ಲುಹರ್ ನಮಾಜು ಮುಗಿಸಿ ಮುಸಲ್ಲದ ಚಾಪೆ ಮಡಚುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ನಿಂತಿದ್ದರು. ಓಡಿ ಬಂದವರ ಹಾಗೆ ಇರಲಿಲ್ಲ. ಕೈಯಲ್ಲಿ ಒದ್ದೆ ಟವೆಲ್ ಇತ್ತು, ನೀರು ತೊಟ್ಟಿಕ್ಕುತ್ತಿತ್ತು.

"ಹೋದ್ರು ತಂಗಿ."

ಇನ್ನಾ ಲಿಲ್ಲಾಹಿ ಎಂದು ನನ್ನ ಬಾಯಿಂದ ತಾನಾಗಿ ಬಂತು. ಅಕ್ಕ ನನ್ನ ಭುಜ ಹಿಡಿದುಕೊಂಡರು.

"ನಾನಿದ್ದೆ. ಮುಖ ಒರಸ್ತಾ ಇದ್ದೆ. ನನ್ನನ್ನು ನೋಡಿದ್ರು. ನಾನು ಮನೆಯಲ್ಲೇ ಇದ್ದೆ ತಂಗಿ."

ಅದನ್ನೇ ಅವರು ಫೋನಿನಲ್ಲಿ ಮಗಳಿಗೆ ಹೇಳಿದರು, ಅತ್ತಿಗೆಗೆ ಹೇಳಿದರು, ಚರ್ಚಿನಿಂದ ಬಂದವರಿಗೆಲ್ಲ ಹೇಳಿದರು. ಅವರನ್ನು ಅಲ್ಲಿಯ ಕ್ರಿಶ್ಚಿಯನ್ ಸ್ಮಶಾನದಲ್ಲೇ ಮಣ್ಣು ಮಾಡಿದರು. ನಮ್ಮವರು ಟೊಪ್ಪಿ ಹಾಕಿಕೊಂಡು ಹೋಗಿ, ಗಂಡಸರ ಸಾಲಿನಲ್ಲಿ ನಿಂತು, ಒಂದು ಹಿಡಿ ಮಣ್ಣು ಹಾಕಿ ಬಂದರು. ಬಂದವರು ಊಟ ಬೇಡವೆಂದರು. ಮುಂದೆ ಅಕ್ಕ ಮಗಳ ಓದು ಮುಗಿಯುವವರೆಗೆ ದುಡಿದು ಊರಿಗೆ ಹೋದರು. ಕಾರನ್ನು ಯಾರೋ ಕೊಂಡರು.

ನನ್ನ ತಂದೆ ಕುವೈತಿನಲ್ಲಿ ತೀರಿಕೊಂಡವರು. ನಾನಾಗ ಮದರಸಕ್ಕೆ ಹೋಗುವ ಹುಡುಗಿ. ಊರಿಗೆ ಸುದ್ದಿ ಬರುವಷ್ಟರಲ್ಲಿ ಅಲ್ಲಿ ದಫನವೂ ಮುಗಿದಿತ್ತು. ಕೊನೆಗೆ ನೀರು ಕೊಟ್ಟವರು ಯಾರು, ಕೊಟ್ಟರೋ ಇಲ್ಲವೋ, ಉಮ್ಮ, ನನ್ನ ತಾಯಿ, ಸಾಯುವವರೆಗೂ ಬಂದವರನ್ನೆಲ್ಲ ಕೇಳುತ್ತಿದ್ದರು. ಕುವೈತಿನಿಂದ ರಜೆಗೆ ಬಂದವರು ಯಾರೇ ಆಗಲಿ, ಅವರನ್ನು ಕೂರಿಸಿ ಚಹಾ ಕೊಟ್ಟು ಕೇಳುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ.

ಅಲ್ಲಾಹನು ಕೊಟ್ಟ ಸಣ್ಣ ಸಣ್ಣ ಉಪಕಾರಗಳನ್ನು ಮಲಗುವ ಮುಂಚೆ ನೆನೆಯುವುದು ನನ್ನ ಅಭ್ಯಾಸ. ಮಕ್ಕಳ ಆರೋಗ್ಯ, ನಮ್ಮವರ ಕೆಲಸ, ಸುಡದೆ ಉಳಿದ ಸಾರು, ಎಲ್ಲ ಬರುತ್ತದೆ. ಅಕ್ಕ ಮನೆಯಲ್ಲಿದ್ದ ಆ ಮಧ್ಯಾಹ್ನವೂ ಬರುತ್ತದೆ. ಅದರಲ್ಲಿ ನನ್ನ ಕೈಯೂ ಸ್ವಲ್ಪ ಇತ್ತು. ಇರುವಂತೆ ಮಾಡಿದವರು ಅಣ್ಣ. ಒಲೆಯ ಮುಂದಿನವಳಿಗೆ ಏನು ತಿಳಿದೀತು ಎಂದು ಅವರಿಗೆ ಅನ್ನಿಸಲಿಲ್ಲ. ಆ ಋಣ ತೀರಿಸುವ ದಾರಿ ನನಗೆ ಕಂಡಿಲ್ಲ. ಬೇರೆ ಧರ್ಮದವರಾದ ಅವರಿಗಾಗಿ ದುಆ ಮಾಡಬಹುದೇ ಎಂದು ನಾನು ಮಸೀದಿಯ ಯಾವ ಉಸ್ತಾದರನ್ನೂ ಕೇಳಿಲ್ಲ. ಕೇಳಿದರೆ ಬೇಡವೆಂದಾರು ಎನ್ನುವ ಹೆದರಿಕೆ. ಕೇಳದೆಯೇ ಮಾಡುತ್ತೇನೆ.